ಸುಮ್ಮನಿದ್ದವರ ಹತ್ತಿರ ಮೊದಲು

ಕೆಚ್ಚಲಿಗೆ ನೀರು ಚಿಮುಕಿಸಿ, ಬೆರಳಿಗೆ ಒಂದು ತೊಟ್ಟು ಎಣ್ಣೆ ಸವರಿಕೊಂಡು, ಮೂರನೆಯ ಮೊಲೆಗೆ ಕೈ ಹಾಕುವಷ್ಟರಲ್ಲಿ ಸುಮಿತ್ರಮ್ಮನ ಮಣಿಕಟ್ಟು ಚಳಕ್ಕೆಂದಿತು. ಕೈ ಬಿಟ್ಟಳು. ಹಸು ತಿರುಗಿ ನೋಡಿ ಬಾಲ ಬೀಸಿತು. ಸಾವಿನ ಮನೆ ಅಂತ ಅದಕ್ಕೇನು ಗೊತ್ತು? ಹೊತ್ತಿಗೆ ಸರಿಯಾಗಿ ಕರೆಯದಿದ್ದರೆ ಕೆಚ್ಚಲು ಕಟ್ಟಿಕೊಳ್ಳುತ್ತದೆ. ಮೈದುನನ ಹೆಂಡತಿ ‘ನಾನು ಕರೀತೀನಿ ಬಿಡಕ್ಕ’ ಅಂದಿದ್ದಳು. ಇವಳೇ ಕೇಳಿರಲಿಲ್ಲ. ಕೊಟ್ಟಿಗೆಯಲ್ಲಾದರೂ ಒಂದು ಗಳಿಗೆ ಯಾರೂ ಮುಖ ನೋಡುವುದಿಲ್ಲವಲ್ಲ ಅನ್ನಿಸಿತ್ತು.

ನಿನ್ನೆ ಮಧ್ಯಾಹ್ನ ಇದೇ ಕೈಯಲ್ಲಿ ಅವಳು ಗಂಡನ ಎದೆ ಒತ್ತಿದ್ದಳು. ಪಂಪಿನ ಮನೆಯ ಮುಂದೆ, ತೆಂಗಿನ ಪಾತಿಯ ಅಂಚಿಗೆ ಬಿದ್ದಿದ್ದ ದೇವೀರಪ್ಪನ ಪಕ್ಕದಲ್ಲಿ ಮಂಡಿಯೂರಿ, ಅವನೇ ಕಲಿಸಿದ ಲೆಕ್ಕದಂತೆ ಮೂವತ್ತು ಸಲ ಒತ್ತುವುದು, ಎರಡು ಸಲ ಉಸಿರು ಊದುವುದು, ಮತ್ತೆ ಮೂವತ್ತು. ಆಂಬುಲೆನ್ಸ್ ಬರಲು ಇಪ್ಪತ್ತೈದು ನಿಮಿಷವಾಯಿತು. ಬಂದವನು ಭುಜ ಹಿಡಿದು ‘ಸಾಕು ಬಿಡೀಮ್ಮ, ಆಗೋಯ್ತು’ ಅಂದ ಮೇಲೂ ಹತ್ತು ಸಲ ಒತ್ತಿದ್ದಳು.

ಕೊಟ್ಟಿಗೆಯ ಗೋಡೆಯಾಚೆ ಹಂಡೆಗೆ ನೀರು ತುಂಬುತ್ತಿದ್ದ ಇಬ್ಬರು ನೆರೆಯ ಹೆಂಗಸರು ಪಿಸುಗುಟ್ಟುತ್ತಿದ್ದರು.

“ಎದೆ ಮೇಲೆಲ್ಲ ಕಪ್ಪುಗಟ್ಟೈತಂತೆ ಕಣೇ. ಸ್ನಾನ ಮಾಡ್ಸಿದೋರು ಹೇಳಿದ್ರು.”

“ಪಕ್ಕೆ ಮೂಳೇನೇ ಮುರಿದೈತಂತಲ್ಲ.”

“ಗಂಡ ಬಿದ್ದ ಅಂದ್ರೆ ಯಾರಾದ್ರೂ ಬಾಯಿಗೆ ನೀರು ಬಿಡ್ತಾರೆ, ಬಾಯ್ ಬಾಯ್ ಬಡ್ಕೋತಾರೆ. ಇವ್ಳು ಹಂಗೆ ಗುದ್ದೋದಾ?”

“ಒಳಗೆ ಗಂಡ ಹೆಂಡ್ತೀಲಿ ಹೆಂಗಿತ್ತೋ, ಯಾರು ಕಂಡೋರು ಬಿಡು.”

ಸುಮಿತ್ರಮ್ಮ ಮತ್ತೆ ಮೊಲೆ ಹಿಡಿದಳು. ಹಾಲಿನ ಧಾರೆ ಚೊಂಬಿಗೆ ಬಿದ್ದ ಸದ್ದಿಗೆ ಆಚೆಯವರ ಬಾಯಿ ಮುಚ್ಚಿತು. ಅವರು ಅಂದದ್ದರಲ್ಲಿ ಸುಳ್ಳೇನಿದೆ? ಒತ್ತುವಾಗ, ಹದಿನೆಂಟು ಹತ್ತೊಂಬತ್ತು ಎಂದು ಎಣಿಸುವಾಗ, ಅವಳ ಬಾಯಿಗೆ ಬಂದದ್ದು ದೇವರ ಹೆಸರಲ್ಲ. ಹೇಳದೆ ಹೋಗಬೇಡಿ, ಹೇಳಿಯೇ ಹೋಗಿ ಅಂದಿದ್ದಳು. ಸಿಟ್ಟಿನಲ್ಲೇ ಒತ್ತಿದ್ದಳು. ಸಿಟ್ಟಿನಲ್ಲಿ ಒತ್ತಿದರೂ ಎದೆಗೆ ಅದೇ ಒತ್ತಡ ತಾನೆ?

ಮಗಳು ಉಷಾರಾಣಿ ಕೊಟ್ಟಿಗೆಯ ಬಾಗಿಲಿಗೆ ಬಂದಳು. ಅತ್ತು ಅತ್ತು ಅವಳ ಕಣ್ಣು ಬಾತಿದ್ದವು. ರಾತ್ರಿಯೇ ಅರಸೀಕೆರೆಯಿಂದ ಬಂದವಳು.

“ಅಮ್ಮ, ಗೆಂಡೆಹಳ್ಳಿಯೋರು ಮೊದಲನೇ ಬಸ್ಸಿಗೇ ಹೊರಟಿದ್ದಾರಂತೆ.”

ಹಾಲು ಚೊಂಬಿನ ಹೊರಗೆ ಬಿತ್ತು. “ಯಾವ ಗೆಂಡೆಹಳ್ಳಿಯೋರು?”

“ಅಪ್ಪನ ಫೋನಲ್ಲಿ ಇದ್ದೋರಿಗೆಲ್ಲ ನಾನೇ ವಿಷಯ ಹೇಳ್ದೆ. ಒಂದು ಬರೀ ‘ಗೆಂಡೆಹಳ್ಳಿ’ ಅಂತಿತ್ತು. ಯಾರೋ ಹೆಂಗಸು ತೆಗೆದ್ರು. ಗೊಳೋ ಅಂತ ಅತ್ತುಬಿಟ್ರಮ್ಮ. ಯಾರು ಅವರು?”

“ಈ ಹಾಲು ಪಕ್ಕದ ಮನೇಲಿ ಕಾಯಿಸಿ ಅಜ್ಜಿಗೆ ಕೊಡು ಹೋಗು. ನಿನ್ನೆಯಿಂದ ಒಂದು ತೊಟ್ಟು ನೀರು ಕುಡಿದಿಲ್ಲ ಅದು.”

ಉಷಾ ತಾಯಿಯ ಮುಖವನ್ನೇ ಒಂದು ಕ್ಷಣ ನೋಡಿ, ಚೊಂಬು ತೆಗೆದುಕೊಂಡು ಹೋದಳು.

* * *

ಹನ್ನೆರಡು ವರ್ಷದ ಹಿಂದೆ, ಹಳೇಬೀಡಿನಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿ, ಇವರ ತೋಟದ ಮುಂದಿನ ತಿರುವಿನಲ್ಲಿ ಒಂದು ಟೆಂಪೊ ಮಗುಚಿತ್ತು. ಸಿಕ್ಕವರೆಲ್ಲ ಸೇರಿ, ಬಿದ್ದವರನ್ನು ತೆಂಗಿನಕಾಯಿ ಮೂಟೆ ಎತ್ತುವ ಹಾಗೆ ಎತ್ತಿ ಲಾರಿಗೆ ಹಾಕಿದರು. ದೇವೀರಪ್ಪನೂ ಒಂದು ಮುದುಕಿಯ ಕಂಕುಳಿಗೆ ಕೈ ಹಾಕಿ ಎಳೆದಿದ್ದ. ಆ ಮುದುಕಿ ಮತ್ತೆ ಎದ್ದು ನಡೆಯಲಿಲ್ಲ. ‘ಬಿದ್ದಾಗ ಅಲ್ಲ ಕಣ್ರೀ, ನೀವು ಎತ್ತಿದಾಗ ಬೆನ್ನು ಹೋಗಿದೆ’ ಎಂದು ಡಾಕ್ಟರು ಬೈದರಂತೆ. ಆ ಒಂದು ಮಾತಿಗೆ ಅವನು ಹಾಸನಕ್ಕೆ ಹೋಗಿ ಮೂರು ದಿನ ಪ್ರಥಮ ಚಿಕಿತ್ಸೆ ಕಲಿತು ಬಂದ. ಬರುವಾಗ ಒಂದು ಗುರುತಿನ ಚೀಟಿ, ಒಂದು ಪುಸ್ತಕ, ನಾಲ್ಕು ಸುತ್ತು ಬ್ಯಾಂಡೇಜು. ಮುರಿದ ಕಾಲಿಗೆ ಆಸರೆ ಕಟ್ಟಲು ಅವನದೇ ಉಪಾಯ: ಒಣಗಿದ ತೆಂಗಿನ ಗರಿಯ ಬುಡದ ಎಡೆಮಟ್ಟೆಯನ್ನು ಸೀಳಿ, ನುಣ್ಣಗೆ ಹೆರೆದು, ಹಳೆ ಪಂಚೆಯ ಬಟ್ಟೆ ಸುತ್ತಿ ಇಟ್ಟುಕೊಂಡಿರುತ್ತಿದ್ದ. ತಿರುವಿನಲ್ಲಿ ಬ್ರೇಕಿನ ಸದ್ದು ಕೇಳಿದರೆ ಉಣ್ಣುವ ಕೈ ತೊಳೆಯದೆ ಓಡುತ್ತಿದ್ದ.

ಕಲಿತದ್ದನ್ನು ಅಭ್ಯಾಸ ಮಾಡಲು ಹೆಂಡತಿಯೇ ಬೇಕಾಗಿತ್ತು. ನಡುಮನೆಯಲ್ಲಿ ಚಾಪೆ ಹಾಸಿ ಮಲಗಿಸುತ್ತಿದ್ದ.

“ಏನ್ರೀ ಇದು, ವಯಸ್ಸಿಗೆ ಬಂದ ಮಗಳು ಓಡಾಡ್ತಿದ್ದಾಳೆ.”

“ನೀನೀಗ ಪ್ರಜ್ಞೆ ಇಲ್ಲದೋಳು. ಮಾತಾಡಂಗಿಲ್ಲ.”

“ಪ್ರಜ್ಞೆ ಇದ್ದಿದ್ರೆ ನಿಮ್ಮನ್ನ ಮದ್ವೆ ಆಗ್ತಿದ್ನಾ?”

ಅತ್ತೆ ಶಿವಗಂಗಮ್ಮ ಬಾಗಿಲಲ್ಲಿ ಕೂತು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಅವು ಒಳ್ಳೆಯ ದಿನಗಳು.

ಏಳು ವರ್ಷದ ಹಿಂದೆ ಉಷಾಳ ಹೆರಿಗೆಗೆಂದು ಸುಮಿತ್ರಮ್ಮ ಒಂದೂವರೆ ತಿಂಗಳು ಅರಸೀಕೆರೆಯಲ್ಲಿದ್ದಳು. ತಿರುಗಿ ಬಂದಾಗ ಮನೆಯಲ್ಲಿ ಬೇರೆ ಗಂಡನಿದ್ದ. ಉಣ್ಣುವುದು ಕಡಿಮೆಯಾಗಿತ್ತು. ತಾನು ಇಲ್ಲದಾಗ ಏನಾದರೂ ಆಯಿತೇ ಎಂದು ಅತ್ತೆಯನ್ನು ಕೇಳಿದಳು. ‘ತಿರುವಿನಾಗೆ ಯಾವ್ದೋ ಬೈಕ್ ಬಿದ್ದು ಒಬ್ಬ ಹೋದ ಕಣವ್ವ. ಆಗದೇ ಇರೋದಾ ಅದು ಇಲ್ಲಿ?’ ಅಂದಳು ಮುದುಕಿ. ಅದೂ ನಿಜವೇ. ವರ್ಷಕ್ಕೆ ಇಬ್ಬರೋ ಮೂವರೋ ಆ ತಿರುವಿನಲ್ಲಿ ಹೋಗುತ್ತಿದ್ದರು. ಆಮೇಲೆ ದೇವೀರಪ್ಪ ಅದೇ ಮೂರು ದಿನದ ತರಬೇತಿಗೆ ಇನ್ನೊಮ್ಮೆ ಹಾಸನಕ್ಕೆ ಹೋದ.

“ಕಲಿತದ್ದನ್ನೇ ಮತ್ತೆ ಕಲಿಯೋಕೆ ಯಾಕೆ?”

“ಮರ್ತೋಗಿತ್ತು.”

ಅದಾದ ಮೇಲೆ ಗುರುವಾರಗಳು ಶುರುವಾದವು. ತಿಂಗಳಿಗೊಂದು ಗುರುವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ‘ಬೇಲೂರಲ್ಲಿ ಕೆಲಸ’ ಎಂದು ಹೊರಡುವುದು. ಬರುವಾಗ ಚೀಲದಲ್ಲಿ ಒಮ್ಮೆ ಒಂದು ಹಿಡಿ ಮೆಣಸಿನಕಾಳು, ಇನ್ನೊಮ್ಮೆ ಒಂದು ಚಕ್ಕೋತ. ಬೇಲೂರಿನ ಅಂಗಡಿಯ ಸಾಮಾನಲ್ಲ ಅದು, ಯಾರದೋ ಹಿತ್ತಿಲಲ್ಲಿ ಬೆಳೆದದ್ದು. ಒಂದು ದಿನ ಬಸ್ಸಿನ ಕಂಡಕ್ಟರು ಹಲ್ಲು ಕಿಸಿದು ಕೇಳಿದ: ‘ನಿಮ್ ಯಜಮಾನ್ರು ಗೆಂಡೆಹಳ್ಳೀಲಿ ತೋಟ ಏನಾದ್ರೂ ಮಾಡವ್ರಾಮ್ಮ?’ ಮನೆಗೆ ಬಂದವಳೇ ಅವನು ಸ್ನಾನಕ್ಕೆ ಹೋದಾಗ ಫೋನ್ ತೆಗೆದು ನೋಡಿದಳು. ಹೆಸರಿಲ್ಲ, ಊರು ಮಾತ್ರ. ಒತ್ತಿದಳು. ಒಂದೇ ರಿಂಗಿಗೆ ಹೆಂಗಸಿನ ದನಿ: ‘ಹಾಂ, ಹೇಳಿ. ಬಸ್ ಇಳಿದ್ರಾ?’

ಸುಮಿತ್ರಮ್ಮ ಫೋನ್ ಕಟ್ ಮಾಡಿ, ಎಲ್ಲಿತ್ತೋ ಅಲ್ಲೇ ಇಟ್ಟಳು.

ಕೇಳಲಿಲ್ಲ. ಕೇಳಿದರೆ ಇಲ್ಲ ಅನ್ನುತ್ತಾನೆ, ಇಲ್ಲ ಅಂದರೆ ನಂಬಬೇಕಾಗುತ್ತದೆ, ನಂಬಲು ಆಗುವುದಿಲ್ಲ. ಹೌದು ಅಂದುಬಿಟ್ಟರೆ ನಾಳೆ ಬೆಳಿಗ್ಗೆ ಎದ್ದು ಯಾವ ಮುಖದಲ್ಲಿ ಅವನಿಗೆ ಕಾಫಿ ಕೊಡುವುದು? ಏಳು ವರ್ಷ ಅವಳು ಬಿಳಿ ಅಂಗಿ ಒಗೆದಳು, ಒಣಗಿಸಿದಳು, ಮಡಿಸುವಾಗ ಮೂಸಿ ನೋಡಿದಳು. ಬೆವರಿನದಲ್ಲದೆ ಬೇರೆ ವಾಸನೆ ಒಂದು ದಿನವೂ ಸಿಗಲಿಲ್ಲ. ಅದೂ ಅನುಮಾನವನ್ನೇ ಹೆಚ್ಚಿಸಿತು. ಎಷ್ಟು ಜಾಣ ನೋಡು ಅನ್ನಿಸಿತು.

* * *

ನಡುಮನೆಯ ಗೋಡೆಗೆ ಒರಗಿಸಿ ದೇವೀರಪ್ಪನನ್ನು ಕೂರಿಸಿದ್ದರು. ಕಾಲು ಸೆಟೆಯುವ ಮೊದಲೇ ಮಡಿಸಬೇಕೆಂದು ನಿನ್ನೆ ಸಂಜೆಯೇ ಅವನ ತಮ್ಮ ಮಹಾಂತೇಶ್ ಮುಂದೆ ನಿಂತು ಚಕ್ಕಳಮಕ್ಕಳ ಹಾಕಿಸಿದ್ದ. ತಲೆ ಬಾಗದಂತೆ ಗೂಟಕ್ಕೆ ಬಟ್ಟೆ ಕಟ್ಟಿತ್ತು. ಹಣೆ, ತೋಳು, ಎದೆಗೆ ವಿಭೂತಿ. ಎಡ ಅಂಗೈಯಲ್ಲಿ ಲಿಂಗ. ಎಷ್ಟೋ ಜನರನ್ನು ಹುಷಾರಾಗಿ ಮಲಗಿಸಿದವನು ಈಗ ನೆಟ್ಟಗೆ ಕೂತು ಬಂದವರನ್ನೆಲ್ಲ ನೋಡುತ್ತಿರುವಂತಿತ್ತು. ಮುದುಕಿ ಶಿವಗಂಗಮ್ಮ ಮಗನ ಮೊಣಕಾಲಿನ ಮೇಲೆ ಕೈಯಿಟ್ಟು ಕೂತಿದ್ದಳು.

ಒಂಬತ್ತರ ಹೊತ್ತಿಗೆ ಬಿಕ್ಕೋಡಿನಿಂದ ಜವರಯ್ಯ ಬಂದ. ಸಾಮಾನು ಸಾಗಿಸುವ ಆಟೋದ ತುಂಬ ಬಿಲ್ವದ ರೆಂಬೆ, ಬಾಳೆಕಂದು. ಕುಂಟುತ್ತ ಒಳಗೆ ಬಂದು ಉದ್ದಕ್ಕೆ ಬಿದ್ದು ನಮಸ್ಕಾರ ಮಾಡಿ, ಹೆಗಲ ವಸ್ತ್ರದಲ್ಲಿ ಕಣ್ಣೊರೆಸಿಕೊಂಡು ಜಗಲಿಗೆ ಹೋಗಿ ಕೂತ. ವರ್ಷಕ್ಕೊಮ್ಮೆ ಯುಗಾದಿಗೆ ಬಂದು ಕಾಲಿಗೆ ಬಿದ್ದು ಹೋಗುತ್ತಿದ್ದವನು. ‘ಎಂದೋ ಕಾಲು ಕಟ್ಟಿದ್ದೆ’ ಎಂದಷ್ಟೇ ದೇವೀರಪ್ಪ ಹೇಳಿದ್ದ. ಅವನು ಬಂದಾಗೆಲ್ಲ ಬಾಯಿ ತೆರೆಯಲು ಬಿಡದೆ, ಕಾಫಿ ಕುಡಿಸಿ ಬೇಗ ಕಳಿಸಿಬಿಡುತ್ತಿದ್ದದ್ದು ಸುಮಿತ್ರಮ್ಮನಿಗೆ ಇಂದು ನೆನಪಾಯಿತು. ಇವತ್ತು ತಡೆಯುವವರಿರಲಿಲ್ಲ.

“ಈ ಕಾಲು ನಂದಲ್ಲ ಸ್ವಾಮಿ, ಅವರ್ದು,” ಎಂದು ಜವರಯ್ಯ ತೊಡೆ ತಟ್ಟಿದ. “ಏಳು ವರ್ಷಾಯ್ತು. ಹಳೇಬೀಡಿನಾಗೆ ಕೆಲ್ಸ ಮುಗಿಸ್ಕಂಡು ಬಸ್ಸಿಲ್ದೆ ನಿಂತಿದ್ದೆ. ಯಾರೋ ಒಬ್ಬ ಬೈಕ್ನೋನು ಬಂದ, ಡ್ರಾಪ್ ಕೇಳ್ದೆ. ಪಾಪ, ಹತ್ಕೊಳಯ್ಯ ಅಂದ. ಈ ತಿರುವಿಗೆ ಬಂದ್ರೆ ಅಡ್ಡ ಬಂತು ನೋಡಿ ಒಂದು ನಾಯಿ.”

“ಜೋರಾಗಿ ಬಿದ್ರಾ?” ಮಹಾಂತೇಶ್ ಕೇಳಿದ.

“ಮೂಳೆ ಆಚೆಗೆ ಬಂದಿತ್ತು! ನಾನು ಕಿರುಚ್ಕಂಡಿದ್ದು ಹಳೇಬೀಡಿನ ಕಲ್ಲಿನ ಗೊಂಬೆಗೂ ಕೇಳಿರ್ಬೇಕು.” ಜಗಲಿಯ ಮೇಲಿದ್ದವರು ನಗಬೇಕೋ ಬೇಡವೋ ಎಂದು ಮುಖ ನೋಡಿಕೊಂಡರು. “ಇವ್ರು ಓಡಿ ಬಂದ್ರು. ನಾನು ಅಂಗಿ ಹಿಡ್ಕಂಡೋನು ಬಿಡ್ಲೇ ಇಲ್ಲ. ‘ಒಂದ್ನಿಮಿಷ ಬಿಡಪ್ಪ, ಆ ಕಡೆಯೋನ್ನ ನೋಡ್ಕಂಡು ಬತ್ತೀನಿ’ ಅಂದ್ರು. ಎಲ್ ಬಿಡ್ಲಿ? ಸತ್ತೋಯ್ತೀನಿ ಅಂತ ಎಳೆದ ಎಳ್ತಕ್ಕೆ ಗುಂಡಿಯೆಲ್ಲ ಕಿತ್ತೋದ್ವು.”

“ಬೈಕ್ ಓಡಿಸ್ತಿದ್ದೋನು?”

“ಅವ್ನು ತಣ್ಣಗೆ ಮಲಗಿದ್ದ. ಒಂದು ಗೀರಿಲ್ಲ, ಒಂದ್ ತೊಟ್ಟು ರಕ್ತ ಇಲ್ಲ. ಗೊರ್ ಗೊರ್ ಅಂತ ಗೊರಕೆ ಬೇರೆ! ಸೇರಿದ್ ಜನ ‘ಕುಡಿದವ್ನೆ ಕಣ್ರೀ, ಮಲಗವ್ನೆ, ಅವ್ನಿಗೇನಾಗಿಲ್ಲ, ಇವ್ನ ನೋಡಿ’ ಅಂದ್ರು. ದಾರಿನಾಗೆ ವಾಸ್ನೆ ಗೀಸ್ನೆ ಏನೂ ಬಂದಿರ್ಲಿಲ್ಲ ನಂಗೆ. ಆದ್ರೆ ಗೊರಕೆ ಹೊಡೀತಿದ್ರೆ ಏನ್ ಅಂದ್ಕಬೇಕು? ನಾನಿಲ್ಲಿ ಸಾಯ್ತಿವ್ನಿ, ಇವ್ನು ನಿದ್ದೆ ಮಾಡ್ತವ್ನಲ್ಲ ಅಂತ ಹೊಟ್ಟೆ ಉರಿದೋಯ್ತು. ನನ್ ಕಾಲು ಕಟ್ಟಿ ಮುಗ್ಸಿ ಇವ್ರು ಆ ಕಡೆ ತಿರುಗೋ ಹೊತ್ಗೆ ಗೊರಕೆ ನಿಂತಿತ್ತು.”

“ನಿಂತಿತ್ತು ಅಂದ್ರೆ?”

“ಹೋಗಿದ್ದ. ಗೆಂಡೆಹಳ್ಳಿ ಕಡೆಯೋನಂತೆ. ಆಮೇಲೆ ಆಸ್ಪತ್ರೆನಾಗೆ ಯಾರೋ ಅಂದ್ರು. ಹಣೇಬರ, ಏನ್ಮಾಡಕ್ಕಾತೈತೆ?”

ಒಳಗಿನಿಂದ ಶಿವಗಂಗಮ್ಮ ಅರ್ಧಂಬರ್ಧ ಕೇಳಿಸಿಕೊಂಡು ತಲೆಯೆತ್ತಿದಳು. “ಗೊರಕೆ ಅಂದ್ಯಾ? ನನ್ ಮಗ ನಂಗೆ ಗೊರಕೆ ಹೊಡಿಯಕ್ಕೂ ಬಿಡ್ತಿರ್ಲಿಲ್ಲ ಕಣಪ್ಪ. ಮಧ್ಯಾಹ್ನ ಉಂಡು ಒಂದ್ ಗಳಿಗೆ ಕಣ್ ಮುಚ್ಚಿದ್ರೆ, ತೋಟದಾಗೆ ಇದ್ರೂ ಹೆಂಗೆ ಕೇಳಿಸ್ತಿತ್ತೋ, ಓಡಿ ಬಂದು ಮಗ್ಗುಲಿಗೆ ಹೊರಳಿಸೋನು. ‘ಏನ್ಲಾ, ನಾನೇನ್ ಕುಂಬಳಕಾಯಾ’ ಅಂತ ಬಯ್ತಿದ್ದೆ. ಇನ್ಯಾರು ಹೊರಳಿಸ್ತಾರೆ ನನ್ನ?”

ಮುದುಕಿ ಅತ್ತಳು. ಜಗಲಿಯವರೂ ಕಣ್ಣೊರೆಸಿಕೊಂಡರು. ಹೊಸಿಲಿನೊಳಗೆ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ಸುಮಿತ್ರಮ್ಮ ಮಾತ್ರ ಅಲುಗಲಿಲ್ಲ.

* * *

ಹುಲಿಕೆರೆಯ ಶಾಲೆಯಲ್ಲಿ ಒಮ್ಮೆ ಮಕ್ಕಳಿಗೆ ಪಾಠ ಹೇಳಲು ಅವನು ಅವಳನ್ನೂ ಕರೆದುಕೊಂಡು ಹೋಗಿದ್ದ. ಚಾಪೆಯ ಮೇಲೆ ಮಲಗುವ ಕೆಲಸ ಅವಳದೇ. ದೇವೀರಪ್ಪ ಮಕ್ಕಳನ್ನು ಕೇಳಿದ: ‘ಇಬ್ಬರು ಬಿದ್ದಿದ್ದಾರೆ. ಒಬ್ಬ ಅಯ್ಯೋ ಅಮ್ಮಾ ಅಂತ ಕೂಗ್ತಿದ್ದಾನೆ. ಇನ್ನೊಬ್ಬ ಸುಮ್ಮನೆ ಮಲಗಿದ್ದಾನೆ. ಯಾರ ಹತ್ತಿರ ಹೋಗ್ತೀರಿ?’

‘ಕೂಗೋರ ಹತ್ರ!’ ಇಡೀ ತರಗತಿ ಕೂಗಿತು.

‘ಎಲ್ಲರೂ ಹಾಗೇ ಮಾಡೋದು. ಕೂಗೋನಿಗೆ ಉಸಿರಿದೆ, ಅದಕ್ಕೇ ಕೂಗ್ತಾನೆ. ಅವನು ಅಂಗಿ ಹಿಡಿದು ಎಳೆದರೂ ಬಿಡಿಸಿಕೊಂಡು ಸುಮ್ಮನಿದ್ದವರ ಹತ್ತಿರ ಮೊದಲು ಹೋಗಿ. ಗೊರಕೆ ಕೇಳಿಸಿದರೆ ನಿದ್ದೆ ಅಂದ್ಕೋಬೇಡಿ. ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟುತ್ತಿರುತ್ತೆ. ಮಗ್ಗುಲಿಗೆ ಹೊರಳಿಸಿ. ಅಷ್ಟೇ. ಅಷ್ಟು ಮಾಡಿದರೆ ಸಾಕು.’

ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಿದ್ದಳು. ‘ನೀವು ಹಂಗೆ ಯಾರನ್ನಾದ್ರೂ ಉಳಿಸಿದ್ದೀರಾ ಸಾರ್?’

ದೇವೀರಪ್ಪ ಮೇಜಿನ ಮೇಲಿದ್ದ ನೀರು ಕುಡಿದ. ಪೂರ್ತಿ ಲೋಟ ಕುಡಿದ. ಆಮೇಲೆ ‘ಈಗ ಸುಟ್ಟ ಗಾಯಕ್ಕೆ ಏನು ಮಾಡಬೇಕು ನೋಡೋಣ’ ಅಂದ. ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ಸುಮಿತ್ರಮ್ಮನಿಗೆ ಆಗ ಅದು ಏನೂ ಅನ್ನಿಸಿರಲಿಲ್ಲ. ಇಷ್ಟು ಹೊತ್ತು ಮಲಗಿಸಿದ್ದಾನಲ್ಲ, ಸೀರೆ ಸುಕ್ಕಾಯಿತು ಎಂದುಕೊಂಡಿದ್ದಳು.

* * *

ತಟ್ಟೆ ಕೆಳಗಿಟ್ಟು ಅವಳು ಗಂಡನ ಮುಖ ನೋಡಿದಳು. ಗುರುವಾರಗಳ ಹಿಂದೆ ಇದ್ದದ್ದು ಹೆಂಗಸಲ್ಲ, ಆ ಗೊರಕೆ. ಏಳು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಈಗ ಕರಗಿ ಹೋಗಬೇಕಿತ್ತು. ಕರಗಲಿಲ್ಲ, ಬೇರೆ ಆಕಾರ ತಾಳಿ ಅಲ್ಲೇ ಕೂತಿತು. ನನಗೆ ಹೇಳಬಹುದಿತ್ತಲ್ಲ. ನನ್ನನ್ನು ಚಾಪೆಯ ಮೇಲೆ ಮಲಗಿಸಿ ಹೊರಳಿಸುವಾಗೆಲ್ಲ ಯಾರನ್ನು ಹೊರಳಿಸುತ್ತಿದ್ದಿರಿ?

ಹತ್ತರ ಬಸ್ಸಿಗೆ ಗೆಂಡೆಹಳ್ಳಿಯವಳು ಬಂದಳು. ಮೂವತ್ತೈದು ಮೂವತ್ತಾರರ ಹೆಂಗಸು, ಕಂದು ಬಣ್ಣದ ಸಾದಾ ಸೀರೆ, ತೋಳಿಗೆ ಒಂದು ಎಳೆ ನೀಲಿ ದಾರ ಅಂಟಿಕೊಂಡಿತ್ತು. ಹೊಲಿಗೆಯ ಮಿಷನ್ ಬಿಟ್ಟು ಹಾಗೇ ಎದ್ದು ಬಂದವಳಿರಬೇಕು. ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎಂಬಂತೆ ನೋಡಿದಳು. ನೀರಿನ ಹಂಡೆಯ ಹೆಂಗಸರು ಒಬ್ಬರನ್ನೊಬ್ಬರು ತಿವಿದರು.

ಸುಮಿತ್ರಮ್ಮ ಮೊದಲು ಹೋದದ್ದು ಅವಳ ಹತ್ತಿರವಲ್ಲ, ಜಗಲಿಗೆ. ಜವರಯ್ಯ ಅಲ್ಲಿ ಹೊಸದಾಗಿ ಬಂದವರಿಗೆ ಮತ್ತೆ ತೊಡೆ ತಟ್ಟಿ ತೋರಿಸಲು ಶುರು ಮಾಡಿದ್ದ.

“ಜವರಯ್ಯ, ಹಳೇಬೀಡಿಗೆ ಹೋಗಿ ಉಪ್ಪು ತರಬೇಕು. ಗುಣಿಗೆ ಹಾಕಕ್ಕೆ.”

“ಮಹಾಂತೇಶಣ್ಣ ಆಗ್ಲೇ ತಂದವ್ರಲ್ಲ ಅಮ್ಮಾರೆ?”

“ಸಾಲಲ್ಲ. ಇನ್ನೆರಡು ಮೂಟೆ ತಗೊಂಬಾ. ವಿಭೂತಿ ಗಟ್ಟಿನೂ ತಾ. ಈಗಲೇ ಹೋಗು.”

ಆಟೋ ಹೊರಟ ಸದ್ದು ಕೇಳಿದ ಮೇಲೆ ಅವಳು ತಿರುಗಿದಳು. ಆ ಹೆಂಗಸು ದೇವೀರಪ್ಪನ ಪಾದದ ಹತ್ತಿರ ಕೂತು ಶಬ್ದವಿಲ್ಲದೆ ಅಳುತ್ತಿದ್ದಳು. ಅತ್ತು ಮುಗಿದ ಮೇಲೆ ಸುಮಿತ್ರಮ್ಮ ಅವಳನ್ನು ಕೊಟ್ಟಿಗೆಯ ಕಡೆ ಕರೆದುಕೊಂಡು ಹೋಗಿ ನೀರು ಕೊಟ್ಟಳು.

“ನಾನು ಲತಾಮಣಿ ಅಂತ. ನಮ್ಮನೆಯವರು ರಾಜಶೇಖರ್, ಇಲ್ಲೇ, ನಿಮ್ಮ ತೋಟದ ಮುಂದೇನೇ ಹೋಗಿದ್ದು.” ಅವಳು ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡಳು. “ನಿಮಗೆ ಅವರು ಹೇಳಿರ್ತಾರೆ.”

“ನಾನಾಗ ಅರಸೀಕೆರೇಲಿದ್ದೆ.”

“ಓ.” ಲತಾಮಣಿಯ ಮುಖ ಬಾಡಿತು. “ತಿಂಗಳಿಗೊಂದ್ಸಲ ಬರೋರು ಅಕ್ಕ. ಜಗಲಿ ಮೇಲೆ ಕೂತು, ಏನಾದ್ರೂ ಬೇಕಾ ಅಂತ ಕೇಳಿ, ಕಾಫಿ ಕುಡಿದು ಹೋಗೋರು. ಊರೋರು ಏನೇನೋ ಅಂದ್ರು. ಆಮೇಲೆ ನಾನೇ ಬಸ್ ಸ್ಟಾಪಿಗೆ ಹೋಗಿ ಮಾತಾಡಿಸಿ ಕಳಿಸ್ತಿದ್ದೆ. ನನ್ನ ಹೊಲಿಗೆ ಕ್ಲಾಸಿನ ಹುಡುಗೀರಿಗೆಲ್ಲ ಪಾಠ ಹೇಳ್ಕೊಟ್ಟಿದ್ದಾರೆ. ಉಸಿರು ನೋಡೋದು, ಮಗ್ಗುಲಿಗೆ ಹೊರಳಿಸೋದು. ನಂಗೆ ಅದೆಲ್ಲ ಬಾಯಿಪಾಠ.”

ಸುಮಿತ್ರಮ್ಮ ಹಸುವಿನ ಗೋದಲೆಗೆ ಒಂದು ಹಿಡಿ ಹುಲ್ಲು ಹಾಕಿದಳು.

“ಅಕ್ಕ, ಒಂದು ಕೇಳ್ಲಾ? ತಪ್ಪು ತಿಳ್ಕೋಬಾರದು.” ಲತಾಮಣಿ ದನಿ ತಗ್ಗಿಸಿದಳು. “‘ನಾನು ಮುಟ್ಟೋ ಹೊತ್ತಿಗೇ ಹೋಗಿದ್ರು’ ಅಂತ ಅವತ್ತಿಂದ ಒಂದೇ ಮಾತು ಹೇಳೋರು. ಎಷ್ಟು ಸಲ ಕೇಳಿದ್ರೂ ಅದೇ. ಆದ್ರೆ ಸುಮ್ಮನೆ ಯಾರಾದ್ರೂ ಏಳು ವರ್ಷ ಬರ್ತಾರಾ ಅಕ್ಕ? ಜನ ನೋಡಿದ್ರೆ ನಮ್ಮನೆಯವರು ಕುಡಿದು ಗಾಡಿ ಓಡಿಸಿದ್ರು ಅಂತಾರೆ. ಒಂದು ದಿನ ಮುಟ್ಟಿದವರಲ್ಲ. ನನ್ನ ಮಗಳ ಕಿವಿಗೂ ಬಿದ್ದಿದೆ ಅದು. ಒಂದೊಂದ್ಸಲ ನಂಗನ್ಸುತ್ತೆ…” ನಿಲ್ಲಿಸಿದಳು.

“ಏನನ್ಸುತ್ತೆ?”

“ಇವರ ಗಾಡೀನೇ ನಮ್ಮನೆಯವರಿಗೆ ಹೊಡೀತೇನೋ ಅಂತ. ಅದಕ್ಕೇ ಬರ್ತಾರೇನೋ ಅಂತ. ಕಾಫಿ ಕೊಡುವಾಗ್ಲೂ ಹಂಗೇ ಅನ್ಕೊಂಡು ಕೊಟ್ಟಿದ್ದೀನಿ. ಪಾಪ ಅಲ್ವಾ ಅಕ್ಕ? ಈಗ ಅವರೂ ಹೋದ್ರು. ಇನ್ಯಾರನ್ನ ಕೇಳ್ಲಿ?”

ಅನುಮಾನ ಇಟ್ಟುಕೊಂಡೇ ಕಾಫಿ ಕೊಡುವುದು ಹೇಗೆಂದು ಸುಮಿತ್ರಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾಲಿಗೆಯ ತುದಿಗೆ ಮಾತು ಬಂತು. ಒಳಗಿನಿಂದ ಮಹಾಂತೇಶ್ ‘ಅತ್ತಿಗೆ, ಅಯ್ನೋರು ಬಂದ್ರು’ ಎಂದು ಕೂಗಿದ.

“ನಂಗೇನೂ ಹೇಳಿಲ್ಲ ಕಣಮ್ಮ ಅವರು,” ಅಂದಳು ಸುಮಿತ್ರಮ್ಮ. ಅದು ಸುಳ್ಳಲ್ಲ.

* * *

ತೆಂಗಿನ ತೋಟದ ಮೂಡಣ ಮೂಲೆಯಲ್ಲಿ, ಮಾವನ ಸಮಾಧಿಯ ಪಕ್ಕಕ್ಕೆ ಗುಣಿ ತೆಗೆದಿದ್ದರು. ಕೂತ ಭಂಗಿಯಲ್ಲೇ ಇಳಿಸಿದರು. ಅಯ್ನೋರು ಮಂತ್ರ ಹೇಳುತ್ತ ವಿಭೂತಿ ಗಟ್ಟಿಗಳನ್ನು ಸುತ್ತ ಜೋಡಿಸಿದರು. ಉಪ್ಪು ಹೆಚ್ಚಾಗಿ ಒಂದೂವರೆ ಮೂಟೆ ಹಾಗೇ ಉಳಿಯಿತು. ‘ಯಾರಪ್ಪ ಇಷ್ಟೊಂದು ತರ್ಸಿದ್ದು?’ ಎಂದು ಯಾರೋ ಗೊಣಗಿದರು.

ಪಂಚಾಯ್ತಿಯ ಕಡೆಯಿಂದ ಬಂದವರೊಬ್ಬರು ಮಾತಾಡಿದರು. “ದೇವೀರಪ್ಪನವರು ಮುಟ್ಟಿದವರು ಉಳಿಯದೇ ಹೋಗಿದ್ದಿಲ್ಲ. ಅವರ ಕಣ್ಣೆದುರು ಒಂದು ಜೀವ ಹೋಗಿದ್ದಿಲ್ಲ. ಈ ತಿರುವಿಗೆ ಅವರ ಹೆಸರಿಡಬೇಕು ಅಂತ ನಮ್ಮ ಆಸೆ.” ಜನ ತಲೆದೂಗಿದರು. ಗುಣಿಯ ಈ ಬದಿಯಲ್ಲಿ ಜವರಯ್ಯ ಎಲ್ಲರಿಗಿಂತ ಜೋರಾಗಿ ತಲೆದೂಗುತ್ತಿದ್ದ. ಆ ಬದಿಯಲ್ಲಿ, ಹೆಂಗಸರ ಹಿಂದೆ, ಲತಾಮಣಿ ಕೈಯಲ್ಲಿ ಒಂದು ಬಿಲ್ವದ ಎಲೆ ಹಿಡಿದು ನೆಲ ನೋಡುತ್ತ ನಿಂತಿದ್ದಳು. ಕಣ್ಣೆದುರು ಒಂದು ಜೀವ ಹೋಗಿದ್ದಿಲ್ಲ ಎಂಬ ಮಾತಿಗೆ ಅವಳು ತಲೆಯೆತ್ತಿ ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿದಳು. ಯಾರಾದರೂ ಅಲ್ಲ ಅನ್ನುತ್ತಾರೇನೋ ಎಂದು ಕಾಯುವವಳಂತೆ ನೋಡಿದಳು.

ಯಾರೂ ಅನ್ನಲಿಲ್ಲ.

ಮೊದಲ ಮಣ್ಣು ಮಹಾಂತೇಶ್ ಹಾಕಿದ. ಉಷಾ ಹಾಕಿದಳು. ಸುಮಿತ್ರಮ್ಮನ ಸರದಿ ಬಂದಾಗ ಗುಣಿಯ ಅಂಚಿನಲ್ಲಿ ಬಗ್ಗಿದಳು. ವಿಭೂತಿಯ ನಡುವೆ ಅವನ ನೆತ್ತಿ ಮಾತ್ರ ಕಾಣುತ್ತಿತ್ತು. ನೀವೊಂದು ಮಾತು ಆಡಿದ್ದರೆ ಎರಡು ಮನೆ ನಿದ್ದೆ ಮಾಡುತ್ತಿದ್ದವು ಎಂದುಕೊಂಡಳು. ಯಾಕೆ ಆಡಲಿಲ್ಲ ಎಂಬುದೂ ಗೊತ್ತಿತ್ತು. ಆಡಿದ್ದರೆ ಮರುದಿನ ತಿರುವಿನಲ್ಲಿ ಬ್ರೇಕಿನ ಸದ್ದು ಕೇಳಿದಾಗ ಅವನ ಕಾಲು ಏಳುತ್ತಿರಲಿಲ್ಲವೇನೋ. ಆಮೇಲೆ ಅವನ ಕೈಯಲ್ಲಿ ಬದುಕಿದವರೆಲ್ಲ, ಆ ಹುಲಿಕೆರೆಯ ಮಾಸ್ತರು, ಹಾಲಿನ ಡೇರಿಯ ಹುಡುಗಿ, ಇಲ್ಲಿ ನಿಂತಿರುತ್ತಿರಲಿಲ್ಲವೇನೋ. ಅದನ್ನು ತೂಗುವ ತಕ್ಕಡಿ ಅವಳ ಹತ್ತಿರ ಇರಲಿಲ್ಲ. ನೋಯುವ ಕೈಯಿಂದ ಮೂರು ಹಿಡಿ ಮಣ್ಣು ಹಾಕಿದಳು.

* * *

ಸ್ನಾನ, ದೀಪ ನೋಡುವುದು ಎಲ್ಲ ಮುಗಿಯುವಾಗ ಮೂರೂವರೆ. ನೆರೆಯವರು ತಂದ ಅನ್ನ ಸಾರು ಉಂಡು ಜನ ಒಬ್ಬೊಬ್ಬರೇ, ಸಾವಿನ ಮನೆಯಲ್ಲಿ ಹೋಗಿ ಬರುತ್ತೇನೆ ಅನ್ನಬಾರದೆಂದು ಏನೂ ಹೇಳದೆ, ಹೊರಟರು. ಜವರಯ್ಯ ಆಟೋದಲ್ಲಿ ಬಿದ್ದಿದ್ದ ಎಲೆಗಳನ್ನು ಗುಡಿಸುತ್ತಿದ್ದ. ಲತಾಮಣಿ ಚೀಲ ಹೆಗಲಿಗೇರಿಸಿ ಅಂಗಳಕ್ಕಿಳಿದಳು.

“ಅಕ್ಕ, ಬೇಲೂರಿಗೆ ಬಸ್ಸು ಎಷ್ಟೊತ್ತಿಗೆ?”

ಸುಮಿತ್ರಮ್ಮನಿಗೆ ಆ ರಸ್ತೆಯ ಬಸ್ಸುಗಳೆಲ್ಲ ಗೊತ್ತು. ಏಳು ವರ್ಷದ ಗುರುವಾರಗಳಲ್ಲಿ ಹೋಗುವವು, ಬರುವವು ಎಲ್ಲವನ್ನೂ ಕಿಟಕಿಯಲ್ಲಿ ನಿಂತು ಲೆಕ್ಕ ಹಾಕಿದವಳು. ಇನ್ನು ಹತ್ತು ನಿಮಿಷಕ್ಕೆ ಒಂದು ಬಸ್ಸಿತ್ತು.

ಅವಳು ಒಂದು ಸಲ ಒಳಗೆ ನೋಡಿದಳು. ನಡುಮನೆಯ ಗೂಟದಲ್ಲಿ ಏನೂ ಇರಲಿಲ್ಲ. ಮುದುಕಿ ಅದೇ ಜಾಗದಲ್ಲಿ, ಗೋಡೆಗೆ ಮುಖ ಮಾಡಿ ಮಲಗಿದ್ದಳು. ಗೊರಕೆಯ ವಿಷಯ ಇವಳಿಗೆ ತಿಳಿದು, ನಾಳೆ ಬೇಲೂರಿನಿಂದ ಮಾತು ಹೊರಟರೆ ನಾಡಿದ್ದು ಈ ಜಗಲಿಗೆ ಬಂದು ಮುಟ್ಟುತ್ತದೆ. ತಿರುವಿಗೆ ಹೆಸರಿಡುವ ಮಾತು ಯಾರ ಬಾಯಲ್ಲೂ ಇರುವುದಿಲ್ಲ. ಹಂಡೆಯ ಹೆಂಗಸರಿಗೆ ಹೊಸ ಕತೆ ಸಿಗುತ್ತದೆ. ಉಷಾ ಏನನ್ನುತ್ತಾಳೋ.

“ಬಸ್ಸು ಈಗ ಯಾವುದೂ ಇಲ್ಲ ಕಣಮ್ಮ,” ಅಂದಳು. “ಐದೂವರೆಗೆ. ಜವರಯ್ಯ, ಇವರನ್ನ ಬೇಲೂರು ಸ್ಟ್ಯಾಂಡಿಗೆ ಬಿಡ್ತೀಯಾ?”

“ಅದಕ್ಕೇನಮ್ಮಾರೆ, ಬನ್ನಿ ತಾಯಿ, ಮುಂದ್ಗಡೆನೇ ಕೂತ್ಕಳಿ. ಹಿಂದ್ಗಡೆ ಬರೀ ಕಸ ಐತೆ.”

ಲತಾಮಣಿ ಹತ್ತಿ ಅವನ ಪಕ್ಕದ ಇಕ್ಕಟ್ಟು ಸೀಟಿನಲ್ಲಿ ಸೆರಗು ಸುತ್ತಿಕೊಂಡು ಕೂತಳು. ಸುಮಿತ್ರಮ್ಮ ಆಟೋದ ಕಂಬಿ ಹಿಡಿದು ನಿಂತಳು. ಹೊರಡು ಅನ್ನಲಿಲ್ಲ.

“ನಿನ್ನ ಕಾಲಿನ ಕತೆ ಇವರು ಕೇಳಿಲ್ಲ ಜವರಯ್ಯ.”

“ಹೌದಾ!” ಜವರಯ್ಯನ ಮುಖ ಅರಳಿತು. “ಹೇಳ್ತೀನಿ ಬುಡಿ. ಬೇಲೂರು ಬರೋಗಂಟ ಹೊತ್ತು ಹೋಗ್ಬೇಕಲ್ಲ.”

ಕಂಬಿಯಿಂದ ಅವಳ ಕೈ ಸರಿಯಿತು. ಆಟೋ ಅಂಗಳ ದಾಟಿ ರಸ್ತೆ ಹಿಡಿಯಿತು. ತಿರುವು ಮುಟ್ಟುವ ಮೊದಲೇ ಜವರಯ್ಯ ಒಂದು ಕೈ ಬಿಟ್ಟು ತೊಡೆ ತಟ್ಟಿ ಏನೋ ಹೇಳಲು ಶುರು ಮಾಡಿದ್ದ. ಲತಾಮಣಿಯ ತಲೆ ಅವನ ಕಡೆ ತಿರುಗಿತು.

“ಯಾರಮ್ಮ ಅವರು?” ಹಿಂದಿನಿಂದ ಉಷಾ ಕೇಳಿದಳು.

“ಗೆಂಡೆಹಳ್ಳಿಯವರು,” ಅಂದಳು ಸುಮಿತ್ರಮ್ಮ.

ಉಷಾ ಕಾದಳು. ಆಮೇಲೆ ಒಳಗೆ ಹೋದಳು.

ಆಟೋದ ಧೂಳು ಪೂರ್ತಿ ಕೂರುವ ಮೊದಲೇ ಹಳೇಬೀಡಿನ ಕಡೆಯಿಂದ ಬಸ್ಸು ಬಂತು. ಗೇಟಿನ ಮುಂದೆ ವೇಗ ಇಳಿಸಿತು. ಕಂಡಕ್ಟರ್ ಬಾಗಿಲ ಕಂಬಿಗೆ ಜೋತುಬಿದ್ದು ‘ಬೇಲೂರ್, ಬೇಲೂರ್’ ಎಂದು ಎರಡು ಸಲ ಕೂಗಿ, ಅಂಗಳದಲ್ಲಿ ಒಬ್ಬಳೇ ನಿಂತಿದ್ದ ಹೆಂಗಸನ್ನು ನೋಡಿದ. ಅವಳು ಕೈಯೆತ್ತಲಿಲ್ಲ. ಅವನು ಸೀಟಿ ಊದಿದ. ಅರ್ಧ ಖಾಲಿಯಾಗಿದ್ದ ಬಸ್ಸು ತಿರುವಿನಲ್ಲಿ ಒಂದು ಬದಿಗೆ ವಾಲಿ, ನೆಟ್ಟಗಾಗಿ, ಹೋಯಿತು.